ಯಾರ ಅರ್ಜಿ, ಯಾರ ವಕೀಲ: ಅಮೆರಿಕದ ವೀಸಾ ಕೆಲಸಕ್ಕೆ ಕಂಪನಿ ಲಾಯರೋ, ಸ್ವಂತ ಲಾಯರೋ, ನೀವೇ ಸಾಕೋ?

ಅಮೆರಿಕದ ವಲಸೆ ಕೆಲಸಕ್ಕೆ ವಕೀಲರನ್ನು ಹುಡುಕುವವರು ಮೊದಲು ಕೇಳುವುದು ‘ಒಳ್ಳೆಯ ಲಾಯರ್ ಯಾರು?’ ಎಂದು. ಅದಕ್ಕಿಂತ ಮುಂಚೆ ತಿಳಿಯಬೇಕಾದ್ದು ಇನ್ನೊಂದಿದೆ. ಈ ಅರ್ಜಿ ಯಾರ ಹೆಸರಿನಲ್ಲಿ ಹೋಗುತ್ತಿದೆ? ಪರಿಣತ ನೌಕರರ ಕೆಲಸದ ವೀಸಾವಾದ ಎಚ್-1ಬಿಯ ಅರ್ಜಿ ನಿಮ್ಮದಲ್ಲ, ಕಂಪನಿಯದು. ಕಾಯಂ ವಾಸದ ಗ್ರೀನ್ ಕಾರ್ಡಿನ ಮೊದಲೆರಡು ಮೆಟ್ಟಿಲುಗಳಾದ ಪರ್ಮ್ (ಹುದ್ದೆಗೆ ಅಮೆರಿಕದಲ್ಲಿ ಅರ್ಹರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಯಿಂದ ಪಡೆಯುವ ಪ್ರಮಾಣ) ಮತ್ತು ಐ-140 (ವಲಸೆಯ ಕೋರಿಕೆ) ಕೂಡ ಹೆಚ್ಚಿನವರ ಪಾಲಿಗೆ ಕಂಪನಿಯದೇ. ಕೊನೆಯ ಮೆಟ್ಟಿಲಾದ ಐ-485, ಅಂದರೆ ಗ್ರೀನ್ ಕಾರ್ಡಿಗೇ ಹಾಕುವ ಅರ್ಜಿ, ನಿಮ್ಮದು. ಎಚ್-1ಬಿಯವರ ಸಂಗಾತಿ, ಮಕ್ಕಳ ಎಚ್-4 ವಿಸ್ತರಣೆಯ ಐ-539, ಕೆಲಸದ ಪರವಾನಗಿಯ ಐ-765 ನಿಮ್ಮವು ಅಥವಾ ನಿಮ್ಮ ಸಂಗಾತಿಯವು. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಪ್ರವಾಸಿ ವೀಸಾದ ಡಿಎಸ್-160 ಅವರದು, ನಿಮ್ಮದಲ್ಲ.

ಅರ್ಜಿ ಯಾರದೋ, ಲಾಯರು ಮೊದಲು ಅವರ ಕಡೆಯವರು. ಇದೊಂದು ಗೊತ್ತಿದ್ದರೆ ಮುಂದಿನ ಆಯ್ಕೆಗಳು ಸಲೀಸು. ಇದು ಗೊತ್ತಿಲ್ಲದೆ ಆರೇಳು ವರ್ಷ ಕಂಪನಿ ಲಾಯರನ್ನೇ ‘ನಮ್ಮ ಲಾಯರ್’ ಎಂದುಕೊಂಡವರು, ಕೆಲಸ ಹೋದ ವಾರ ಅವರಿಗೆ ಬರೆದು ಉತ್ತರ ಬಾರದೆ ಕಂಗಾಲಾಗುತ್ತಾರೆ.

ಅಧಿಕಾರ ಯಾರಿಗಿದೆ

ವಲಸೆ ಅರ್ಜಿಗಳನ್ನು ತೀರ್ಮಾನಿಸುವ ಯುಎಸ್‌ಸಿಐಎಸ್ ಮುಂದೆ ನಿಮ್ಮ ಪರವಾಗಿ ನಿಲ್ಲುವ ಹಕ್ಕು ಮುಖ್ಯವಾಗಿ ಎರಡು ಬಗೆಯವರಿಗಿದೆ. ಮೊದಲನೆಯವರು ಅಮೆರಿಕದ ಯಾವುದಾದರೂ ಒಂದು ರಾಜ್ಯದ ಬಾರ್‌ನಲ್ಲಿ ಸನ್ನದು ಪಡೆದ ವಕೀಲರು. ವಲಸೆ ಕಾನೂನು ಫೆಡರಲ್ ಕಾನೂನಾದ್ದರಿಂದ ಟೆಕ್ಸಾಸ್‌ನಲ್ಲಿರುವವರು ನ್ಯೂಜೆರ್ಸಿಯ ವಕೀಲರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹತ್ತಿರದ ಲಾಯರೇ ಆಗಬೇಕೆಂಬ ಹಟ ಬಿಟ್ಟರೆ ಆಯ್ಕೆ ದೊಡ್ಡದಾಗುತ್ತದೆ. ಎರಡನೆಯವರು ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು. ಇವರು ವಕೀಲರಲ್ಲ, ಆದರೆ ಇಲಾಖೆ ಒಪ್ಪಿದ ಲಾಭರಹಿತ ಸಂಸ್ಥೆಗಳಲ್ಲಿ ಕೆಲಸ ಮಾಡುವ ತರಬೇತಿ ಪಡೆದವರು. ಭಾಗಶಃ ಮಾನ್ಯತೆ ಇದ್ದವರು ಯುಎಸ್‌ಸಿಐಎಸ್ ಮುಂದೆ ಮಾತ್ರ ಬರಬಹುದು. ಪೂರ್ಣ ಮಾನ್ಯತೆ ಇದ್ದವರು ವಲಸೆ ನ್ಯಾಯಾಲಯದಲ್ಲೂ ನಿಲ್ಲಬಹುದು.

ಭಾರತದ ಬಾರ್ ಕೌನ್ಸಿಲ್ ಸನ್ನದು ಇದೆ ಎಂಬ ಕಾರಣಕ್ಕೆ ಯಾರೂ ಅಮೆರಿಕದೊಳಗಿನ ಅರ್ಜಿಗೆ ಪ್ರತಿನಿಧಿಯಾಗಲಾರರು. ವೀಸಾ ಕನ್ಸಲ್ಟೆಂಟ್, ಏಜೆಂಟ್, ಟ್ಯಾಕ್ಸ್ ಮಾಡಿಕೊಡುವವರು, ನೋಟರಿ ಇವರು ಯಾರಿಗೂ ಆ ಹಕ್ಕಿಲ್ಲ. ನೀವು ಹೇಳಿದ್ದನ್ನು ಫಾರ್ಮಿನಲ್ಲಿ ತುಂಬಿಕೊಡಬಹುದು, ಅಷ್ಟೇ. ಯಾವ ಫಾರ್ಮ್ ಹಾಕಬೇಕು, ಯಾವ ಪ್ರಶ್ನೆಗೆ ಏನು ಬರೆದರೆ ಕ್ಷೇಮ ಎಂದು ಹೇಳಿದ ಕೂಡಲೇ ಅದು ಕಾನೂನು ಸಲಹೆಯಾಗುತ್ತದೆ.

ಯಾರು ಯಾರ ಪರ ಎಂಬುದನ್ನು ಬರಹದಲ್ಲಿ ಹೇಳುವ ಕಾಗದ ಜಿ-28. ವಕೀಲರು ಅರ್ಜಿಯ ಜೊತೆ ಇದನ್ನು ಸಲ್ಲಿಸುತ್ತಾರೆ. ಅದರಲ್ಲಿ ಕಕ್ಷಿದಾರರ ಹೆಸರೂ ಸಹಿಯೂ ಇರುತ್ತದೆ. ಎಚ್-1ಬಿ ಕಡತದ ಜಿ-28ರಲ್ಲಿ ಸಹಿ ಹಾಕಿದವರು ನಿಮ್ಮ ಎಚ್‌ಆರ್ ಮ್ಯಾನೇಜರ್ ಆಗಿದ್ದರೆ ಆ ಕಡತದಲ್ಲಿ ಲಾಯರು ನಿಂತಿರುವುದು ಕಂಪನಿಯ ಪರವಾಗಿ. ಹಣ ಪಡೆದು ನಿಮ್ಮ ಕೇಸ್ ನಡೆಸುತ್ತೇನೆ ಎನ್ನುವವರು ಜಿ-28ಕ್ಕೆ ಸಹಿ ಹಾಕಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಕಂಪನಿ ಲಾಯರ್ ಮತ್ತು ಸ್ವಂತ ಲಾಯರ್

ಎಚ್-1ಬಿ ಮತ್ತು ಪರ್ಮ್‌ಗೆ ಕಂಪನಿ ಲಾಯರೇ ಸರಿ. ಬೇರೆ ದಾರಿಯೂ ಹೆಚ್ಚೇನಿಲ್ಲ. ಕಂಪನಿಯ ಹಣಕಾಸಿನ ದಾಖಲೆ, ಹುದ್ದೆಯ ವಿವರ, ಸಂಬಳದ ದರ್ಜೆ ಎಲ್ಲ ಅವರ ಕೈಯಲ್ಲಿರುತ್ತವೆ. ಒಂದೇ ಕಂಪನಿಗೆ ನೂರಾರು ಅರ್ಜಿ ಹಾಕಿದವರಿಗೆ ಆ ಹುದ್ದೆಗೆ ಹಿಂದೆ ಯಾವ ಆಕ್ಷೇಪ ಬಂದಿತ್ತು, ಏನು ಉತ್ತರ ಕೊಟ್ಟರೆ ಒಪ್ಪಿದರು ಎಂಬುದೂ ಗೊತ್ತಿರುತ್ತದೆ. ಖರ್ಚಿನ ವಿಷಯದಲ್ಲಂತೂ ಕಾನೂನೇ ನಿಮ್ಮ ಕಡೆಗಿದೆ. ಪರ್ಮ್‌ನ ಜಾಹೀರಾತು ಖರ್ಚು ಮತ್ತು ಕಂಪನಿ ಪರ ವಕೀಲರ ಶುಲ್ಕವನ್ನು ಕಂಪನಿಯೇ ಭರಿಸಬೇಕು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಎಚ್-1ಬಿಯಲ್ಲಿ ತರಬೇತಿ ನಿಧಿಗೆ ಹೋಗುವ 750 ಅಥವಾ 1,500 ಡಾಲರ್ ಶುಲ್ಕವನ್ನು ನೌಕರರಿಂದ ತೆಗೆದುಕೊಳ್ಳುವುದು ನಿಷಿದ್ಧ. ಲಾಯರ್ ಫೀಸನ್ನು ನಿಮ್ಮ ತಲೆಗೆ ಕಟ್ಟಿ, ಅದರಿಂದ ಸಂಬಳ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಅದೂ ಉಲ್ಲಂಘನೆ. ‘ಎಚ್-1ಬಿ ಖರ್ಚು ನೀನೇ ಕೊಡು, ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ’ ಎನ್ನುವ ಕಂಪನಿ ಬೇರೆ ನಿಯಮಗಳನ್ನೂ ಪಾಲಿಸುತ್ತಿಲ್ಲ ಎಂದು ಸಂಶಯಪಡಲು ಸಾಕಷ್ಟು ಕಾರಣವಿದೆ. ಐ-140 ಮತ್ತು ಐ-485 ಹಂತದಲ್ಲಿ ನಿಮ್ಮ ಖರ್ಚು ನೀವು ಕೊಡಬಹುದು. ಐ-485ರ ಸರ್ಕಾರಿ ಶುಲ್ಕ 2024ರ ಏಪ್ರಿಲ್ 1ರಿಂದ ದೊಡ್ಡವರೊಬ್ಬರಿಗೆ 1,440 ಡಾಲರ್.

ತೊಡಕು ಬರುವುದು ನಿಮ್ಮ ಹಿತ ಮತ್ತು ಕಂಪನಿಯ ಹಿತ ಬೇರೆಯಾದಾಗ. ಕೆಲವು ವಕೀಲರು ಕಂಪನಿಯನ್ನು ಮಾತ್ರ ಪ್ರತಿನಿಧಿಸುತ್ತಾರೆ, ಕೆಲವರು ಇಬ್ಬರನ್ನೂ. ಇಬ್ಬರನ್ನೂ ಪ್ರತಿನಿಧಿಸಿದರೆ ಸಾಮಾನ್ಯವಾಗಿ ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡಲಾಗದು. ಅಂದರೆ ‘ನನಗೆ ಬೇರೆ ಕಂಪನಿಯಿಂದ ಆಫರ್ ಬಂದಿದೆ, ಈಗ ಬಿಟ್ಟರೆ ಗ್ರೀನ್ ಕಾರ್ಡ್ ಏನಾಗುತ್ತದೆ?’ ಎಂದು ಕಂಪನಿ ಲಾಯರಿಗೆ ಇಮೇಲ್ ಮಾಡಿದರೆ ಅದು ಎಚ್‌ಆರ್ ಕಿವಿಗೂ ಬೀಳಬಹುದು. ಇಂಥ ಪ್ರಶ್ನೆಗಳಿಗೆ ಒಂದು ಗಂಟೆಯ ಸ್ವಂತ ಸಮಾಲೋಚನೆಯ ಹಣ ದಂಡವಲ್ಲ.

ಸ್ವಂತ ಲಾಯರು ಬೇಕೇ ಬೇಕಾಗುವ ಸಂದರ್ಭಗಳು ಹೀಗಿವೆ. ಕೆಲಸ ಬದಲಿಸುವ ಅಥವಾ ಕಳೆದುಕೊಳ್ಳುವ ಸೂಚನೆ ಇದ್ದಾಗ. ಕಂಪನಿ ಸಂಬಳ ಕೊಡದೆ ‘ಬೆಂಚ್’ ಮೇಲೆ ಕೂರಿಸಿದಾಗ. ಈ ಹಿಂದೆ ಯಾವುದಾದರೂ ವೀಸಾ ನಿರಾಕರಣೆ, ಬಂಧನ, ಕುಡಿದು ವಾಹನ ಓಡಿಸಿದ ಪ್ರಕರಣ, ಸ್ಟೇಟಸ್ (ದೇಶದೊಳಗಿರುವ ಕಾನೂನುಬದ್ಧ ಅನುಮತಿ) ಇಲ್ಲದೆ ಕಳೆದ ದಿನಗಳು ಇದ್ದಾಗ. ವಿಚ್ಛೇದನದ ಮಾತು ಬಂದಾಗ ಎಚ್-4ರಲ್ಲಿರುವ ಸಂಗಾತಿಗೆ. ಇನ್ನು ಐ-140ಯನ್ನು ಕಂಪನಿಯ ಹಂಗಿಲ್ಲದೆ ನಿಮ್ಮದೇ ಹೆಸರಿನಲ್ಲಿ ಹಾಕುವ, ಅಸಾಧಾರಣ ಸಾಮರ್ಥ್ಯದವರ ಇಬಿ-1ಎ ಮತ್ತು ರಾಷ್ಟ್ರೀಯ ಹಿತಾಸಕ್ತಿ ವಿನಾಯಿತಿ, ಅಂದರೆ ಎನ್‌ಐಡಬ್ಲ್ಯು.

ಈ ಕೊನೆಯ ಎರಡರ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ಈಗ ಅತಿ ಹೆಚ್ಚು ಹಣ ಹರಿಯುತ್ತಿರುವುದೂ ಅತಿ ಹೆಚ್ಚು ಮೋಸ ನಡೆಯುತ್ತಿರುವುದೂ ಇಲ್ಲೇ. ಇಬಿ-1ಎಗೆ ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರು ತೋರಿಸಬೇಕು. ಆದರೆ ಮೂರಕ್ಕೆ ಟಿಕ್ ಬಿದ್ದರೆ ಮುಗಿಯಲಿಲ್ಲ. ಇಡೀ ಸಾಧನೆ ನಿಮ್ಮ ಕ್ಷೇತ್ರದ ತುದಿಯಲ್ಲಿರುವವರದ್ದೇ ಎಂದು ಅಧಿಕಾರಿ ಎರಡನೇ ಸುತ್ತಿನಲ್ಲಿ ತೂಗಿ ನೋಡುತ್ತಾರೆ. ಹಣ ಕೊಟ್ಟು ಪಡೆದ ಪ್ರಶಸ್ತಿ, ಹಣ ಕೊಟ್ಟು ಅಚ್ಚಾದ ಲೇಖನ, ಶುಲ್ಕ ಕಟ್ಟಿದ ಎಲ್ಲರಿಗೂ ಸಿಗುವ ಸದಸ್ಯತ್ವ ಎಲ್ಲ ಉದುರುವುದು ಈ ಸುತ್ತಿನಲ್ಲೇ. ಇಂಥವುಗಳನ್ನು ‘ಪ್ರೊಫೈಲ್ ಬಿಲ್ಡಿಂಗ್’ ಹೆಸರಿನಲ್ಲಿ ಮಾರುವವರು ಲಾಯರುಗಳಲ್ಲ. ಅವರ ಸಲಹೆಯಿಂದ ಕಡತಕ್ಕೆ ಸುಳ್ಳು ಸೇರಿದರೆ ಅದರ ಹೊಣೆ ಅರ್ಜಿಗೆ ಸಹಿ ಹಾಕಿದ ನಿಮ್ಮದು. ಮಹತ್ವದ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಪ್ರವೇಶಕ್ಕೆ ಜೀವಮಾನವಿಡೀ ತಡೆ ಬೀಳಬಹುದು. ಎನ್‌ಐಡಬ್ಲ್ಯುಗೆ 2016ರ ಧನಸರ್ ತೀರ್ಪು ಮೂರು ಕಂಬಗಳನ್ನು ನೆಟ್ಟಿದೆ: ನಿಮ್ಮ ಕೆಲಸಕ್ಕೆ ಮಹತ್ವ ಮತ್ತು ರಾಷ್ಟ್ರಮಟ್ಟದ ಪ್ರಾಮುಖ್ಯ ಇರಬೇಕು, ಅದನ್ನು ಮುನ್ನಡೆಸುವ ಸಾಮರ್ಥ್ಯ ನಿಮಗಿರಬೇಕು, ಪರ್ಮ್ ಬಿಟ್ಟುಕೊಡುವುದರಿಂದ ದೇಶಕ್ಕೆ ಒಟ್ಟಿನಲ್ಲಿ ಲಾಭವಾಗಬೇಕು. ಮೊದಲ ಭೇಟಿಯಲ್ಲೇ ಈ ಮೂರರಲ್ಲಿ ನಿಮ್ಮದು ಎಲ್ಲಿ ದುರ್ಬಲ ಎಂದು ಹೇಳುವವರನ್ನು ನಂಬಿ. ‘ಖಂಡಿತ ಆಗುತ್ತೆ’ ಎನ್ನುವವರನ್ನಲ್ಲ. ಇನ್ನೊಂದು ವಿಷಯ: ಎನ್‌ಐಡಬ್ಲ್ಯು ಬಂದರೂ ಭಾರತದಲ್ಲಿ ಹುಟ್ಟಿದವರು ನಿಲ್ಲಬೇಕಾದ್ದು ಗ್ರೀನ್ ಕಾರ್ಡಿಗೆ ಕಾಯುವ ಇಬಿ-2 (ಉನ್ನತ ಪದವಿಯವರ ವರ್ಗ) ಸಾಲಿನಲ್ಲೇ. ಕಂಪನಿಯ ಇಬಿ-2 ಐ-140 ಈಗಾಗಲೇ ಕೈಯಲ್ಲಿದ್ದರೆ ಎನ್‌ಐಡಬ್ಲ್ಯುಯಿಂದ ಸಾಲು ಒಂದು ದಿನವೂ ಮುಂದಕ್ಕೆ ಹೋಗದು. ಸಿಗುವುದು ಕಂಪನಿಯಿಂದ ಸ್ವಾತಂತ್ರ್ಯ ಮಾತ್ರ. ಆ ಸ್ವಾತಂತ್ರ್ಯಕ್ಕೆ ಬೆಲೆ ಇದೆ, ಆದರೆ ಏನನ್ನು ಕೊಳ್ಳುತ್ತಿದ್ದೀರಿ ಎಂದು ತಿಳಿದು ಕೊಳ್ಳಿ.

ನೀವೇ ಮಾಡಬಹುದಾದ್ದು, ಲಾಭರಹಿತ ಸಂಸ್ಥೆಗೆ ಒಪ್ಪಿಸಬಹುದಾದ್ದು

ಎಲ್ಲಕ್ಕೂ ಲಾಯರ್ ಬೇಕಿಲ್ಲ. ವಿಳಾಸ ಬದಲಾವಣೆಯ ಎಆರ್-11 ಐದು ನಿಮಿಷದ ಕೆಲಸ. ಮನೆ ಬದಲಿಸಿದ 10 ದಿನದೊಳಗೆ ಮಾಡಬೇಕು. ಗ್ರೀನ್ ಕಾರ್ಡ್ ನವೀಕರಿಸುವ ಐ-90, ವಿದ್ಯಾರ್ಥಿಗಳ ಒಪಿಟಿಗೆ (ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸ) ಐ-765, ಸರಳ ಎಚ್-4 ವಿಸ್ತರಣೆ ಇವನ್ನು ಸೂಚನೆಗಳನ್ನು ಎರಡು ಸಲ ಓದುವ ತಾಳ್ಮೆ ಇದ್ದವರು ತಾವೇ ಮಾಡಬಹುದು. ಪೌರತ್ವದ ಎನ್-400 ಕೂಡ ಹಾಗೆಯೇ, ಆದರೆ ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಅಥವಾ ಯಾವುದೇ ಬಂಧನದ ದಾಖಲೆ ಇದ್ದರೆ ಸಲ್ಲಿಸುವ ಮೊದಲು ವಕೀಲರಿಗೆ ತೋರಿಸಿ. ಪೌರತ್ವದ ಅರ್ಜಿ ಹಾಕಿದಾಗ ಹಳೆಯ ಕಡತವೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತದೆ.

ತಾವೇ ಸಲ್ಲಿಸುವವರ ಅರ್ಜಿ ವಾಪಸ್ ಬರುವುದು ಬಹುಪಾಲು ಸಣ್ಣ ಕಾರಣಗಳಿಗೆ. ಫಾರ್ಮಿನ ಹಳೆಯ ಆವೃತ್ತಿ (ಪ್ರತಿ ಪುಟದ ಕೆಳಮೂಲೆಯಲ್ಲಿ ಆವೃತ್ತಿಯ ದಿನಾಂಕ ಇರುತ್ತದೆ), ತಪ್ಪು ಶುಲ್ಕ, ಮರೆತ ಸಹಿ, ತಪ್ಪು ವಿಳಾಸ. 2025ರ ಅಕ್ಟೋಬರ್ 28ರಿಂದ ಕಾಗದದ ಚೆಕ್ ಮತ್ತು ಮನಿ ಆರ್ಡರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಂಚೆಯಲ್ಲಿ ಕಳಿಸುವ ಅರ್ಜಿಗೆ ಕಾರ್ಡಿನ ಜಿ-1450 ಅಥವಾ ಬ್ಯಾಂಕ್ ಖಾತೆಯ ಜಿ-1650 ಫಾರ್ಮ್ ಲಗತ್ತಿಸಬೇಕು. 2024ರ ಡಿಸೆಂಬರ್ 2ರಿಂದ ವೈದ್ಯಕೀಯ ಪರೀಕ್ಷೆಯ ಐ-693 ಬೇಕಾದವರು ಅದನ್ನು ಐ-485ರ ಜೊತೆಗೇ ಇಡಬೇಕು, ‘ಆಮೇಲೆ ಕೊಡುತ್ತೇನೆ’ ನಡೆಯದು. ಗಡುವು ಹತ್ತಿರವಿದ್ದಾಗ ಅರ್ಜಿ ವಾಪಸ್ ಬಂದರೆ ಆ ಗಡುವೇ ತಪ್ಪಿಹೋಗುತ್ತದೆ. ಸಣ್ಣ ತಪ್ಪು ದುಬಾರಿಯಾಗುವುದು ಹೀಗೆ.

ಮದುವೆಯ ಆಧಾರದ ಗ್ರೀನ್ ಕಾರ್ಡ್, ತಂದೆತಾಯಿಗೆ ಪ್ರಾಯೋಜನೆ, ಪೌರತ್ವ, ಆಶ್ರಯ ಇಂಥ ಕೆಲಸಗಳಿಗೆ ಮಾನ್ಯತೆ ಪಡೆದ ಸಂಸ್ಥೆಗಳು ಕಡಿಮೆ ಶುಲ್ಕದಲ್ಲಿ, ಕೆಲವು ಕಡೆ ಉಚಿತವಾಗಿ ಒಳ್ಳೆಯ ಸೇವೆ ಕೊಡುತ್ತವೆ. ಸಂಸ್ಥೆಗಳ ಮತ್ತು ಪ್ರತಿನಿಧಿಗಳ ಪಟ್ಟಿ ನ್ಯಾಯ ಇಲಾಖೆಯ ಜಾಲತಾಣದಲ್ಲಿ ರಾಜ್ಯವಾರು ಸಿಗುತ್ತದೆ. ಎಚ್-1ಬಿ, ಪರ್ಮ್ ಕೆಲಸ ಸಾಮಾನ್ಯವಾಗಿ ಅವರದಲ್ಲ.

ವಿದ್ಯಾರ್ಥಿಗಳಿಗೆ ಅವರ ವೀಸಾ ದಾಖಲೆ ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ ಡಿಎಸ್‌ಒ ಇರುತ್ತಾರೆ. ಐ-20 ಎಂಬ ಪ್ರವೇಶ ಪತ್ರ, ಒಪಿಟಿ ಶಿಫಾರಸು, ಸೆವಿಸ್ ಎಂಬ ಸರ್ಕಾರಿ ವಿದ್ಯಾರ್ಥಿ ದಾಖಲೆ ಅವರ ಕೈಯಲ್ಲಿದೆ, ಸಹಾಯವೂ ಮಾಡುತ್ತಾರೆ. ಆದರೆ ಡಿಎಸ್‌ಒ ಕಾಲೇಜಿನ ಉದ್ಯೋಗಿ, ನಿಮ್ಮ ವಕೀಲರಲ್ಲ. ಸ್ಟೇಟಸ್ ತಪ್ಪಿದ ಸಂಶಯ ಬಂದರೆ ಮೊದಲು ವಕೀಲರ ಬಳಿ ಹೋಗಿ, ಆಮೇಲೆ ಡಿಎಸ್‌ಒ ಬಳಿ.

ಲಾಯರ್ ಮುಂದೆ ಕೂರುವ ಮೊದಲು ಗೊತ್ತಿರಬೇಕಾದ ಪ್ರಶ್ನೆಗಳು

*ವೀಸಾ ಸ್ಟ್ಯಾಂಪ್ ಮುಗಿದರೆ ಅಮೆರಿಕ ಬಿಡಬೇಕೆ?* ಇಲ್ಲ. ಪಾಸ್‌ಪೋರ್ಟಿನ ಸ್ಟ್ಯಾಂಪ್ ಒಳಗೆ ಬರಲು ಬಾಗಿಲು. ಒಳಗೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಪ್ರವೇಶದ ದಾಖಲೆಯಾದ ಐ-94. ಇಲ್ಲಿ ಬಹಳ ಜನ ಬೀಳುವ ಹಳ್ಳ ಯಾವುದೆಂದರೆ, ಪಾಸ್‌ಪೋರ್ಟ್ ಅವಧಿ ಎಚ್-1ಬಿ ಅನುಮತಿಗಿಂತ ಮೊದಲೇ ಮುಗಿಯುವಂತಿದ್ದರೆ ಗಡಿಯ ಅಧಿಕಾರಿ ಐ-94ನ್ನು ಪಾಸ್‌ಪೋರ್ಟಿನ ಕೊನೆಯ ದಿನಕ್ಕೇ ಕತ್ತರಿಸಬಹುದು. ಅನುಮತಿ ಪತ್ರ ಐ-797ರಲ್ಲಿ 2028 ಎಂದಿದ್ದರೂ ಐ-94ರಲ್ಲಿ 2026 ಎಂದಿದ್ದರೆ ನಂಬಬೇಕಾದ್ದು ಐ-94. ಪ್ರತಿ ಸಲ ವಿಮಾನ ಇಳಿದ ವಾರದೊಳಗೆ ಗಡಿ ಇಲಾಖೆಯಾದ ಸಿಬಿಪಿಯ ತಾಣದಿಂದ ಐ-94 ಇಳಿಸಿಕೊಂಡು, ನಿಮ್ಮದೂ ಮಕ್ಕಳದೂ ದಿನಾಂಕ ನೋಡಿ. ಅವಧಿ ಮೀರಿದ ನಂತರದ ಅಕ್ರಮ ವಾಸ 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ಮುಟ್ಟಿದ ಮೇಲೆ ಬಿಟ್ಟರೆ 10 ವರ್ಷ ಮರುಪ್ರವೇಶಕ್ಕೆ ತಡೆ.

*ಕೆಲಸ ಹೋದರೆ ಎಷ್ಟು ದಿನ?* ಎಚ್-1ಬಿಯವರಿಗೆ 60 ದಿನ, ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದು. ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಸಂಬಳ ಸಿಕ್ಕ ಕೊನೆಯ ಕೆಲಸದ ದಿನದಿಂದ. ಬಿಡುಗಡೆ ಪರಿಹಾರದ ಹಣ ಎಷ್ಟು ತಿಂಗಳು ಬಂದರೂ ಲೆಕ್ಕ ಮುಂದಕ್ಕೆ ಹೋಗದು. ಈ ಅವಧಿಯೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ಬೇರೆ ಸ್ಟೇಟಸ್‌ಗೆ ನೀವು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಹೊಸ ಆಫರ್ ಸಿಕ್ಕರೆ ಸಾಲದು, ಅರ್ಜಿ ಯುಎಸ್‌ಸಿಐಎಸ್ ತಲುಪಿರಬೇಕು. ಕಾರ್ಮಿಕ ಇಲಾಖೆಯ ಎಲ್‌ಸಿಎಗೇ ಸುಮಾರು ಒಂದು ವಾರ ಬೇಕು, ಆದ್ದರಿಂದ 45ನೇ ದಿನದ ಹೊತ್ತಿಗೆ ಆಫರ್ ಕೈಯಲ್ಲಿಲ್ಲದಿದ್ದರೆ ಎರಡನೇ ದಾರಿಯ ಕಾಗದ ಸಿದ್ಧವಾಗಿರಲಿ. ಕಂಪನಿಯೇ ಅವಧಿಗೆ ಮುಂಚೆ ತೆಗೆದುಹಾಕಿದರೆ ಊರಿಗೆ ಮರಳುವ ಪ್ರಯಾಣದ ಖರ್ಚನ್ನು ಕೊಡುವ ಹೊಣೆ ಅದರದು.

*ಐ-140 ಆಗಿದೆ, ಕಂಪನಿ ಬಿಟ್ಟರೆ ಎಲ್ಲ ಹೋಗುತ್ತದೆಯೇ?* ಅನುಮತಿಯಾಗಿ 180 ದಿನ ದಾಟಿದ್ದರೆ ಕಂಪನಿ ವಾಪಸ್ ತೆಗೆದುಕೊಂಡರೂ ಆ ಐ-140 ಆಧಾರದ ಮೇಲೆ ಆರು ವರ್ಷದಾಚೆಗೆ ಎಚ್-1ಬಿ ವಿಸ್ತರಿಸಿಕೊಳ್ಳಬಹುದು. ಸಾಲಿನಲ್ಲಿ ನಿಮ್ಮ ಸ್ಥಾನ ಹೇಳುವ ಪ್ರಯಾರಿಟಿ ಡೇಟ್ ಅಂತೂ ವಂಚನೆಯಂಥ ಕಾರಣ ಇಲ್ಲದಿದ್ದರೆ ಉಳಿಯುತ್ತದೆ. ಆದರೆ ಹೊಸ ಕಂಪನಿ ಪರ್ಮ್‌ನಿಂದ ಮತ್ತೆ ಶುರು ಮಾಡಬೇಕು. ಐ-485 ಸಲ್ಲಿಸಿ 180 ದಿನ ದಾಟಿದವರ ಕಥೆ ಬೇರೆ: ಅದೇ ಬಗೆಯ ಕೆಲಸವಿದ್ದರೆ ಐ-485ರ ಸಪ್ಲಿಮೆಂಟ್ ಜೆ ಫಾರ್ಮಿನ ಮೂಲಕ ಹಳೆಯ ಕೇಸನ್ನೇ ಹೊಸ ಕಂಪನಿಗೆ ಒಯ್ಯಬಹುದು. ಎರಡಕ್ಕೂ ಐ-140ರ ರಸೀದಿ ಸಂಖ್ಯೆ ಬೇಕು. ಎಷ್ಟೋ ಕಂಪನಿಗಳು ಐ-140 ಪತ್ರದ ಪ್ರತಿ ಕೊಡುವುದಿಲ್ಲ. ಕೆಲಸದಲ್ಲಿರುವಾಗಲೇ ಕನಿಷ್ಠ ರಸೀದಿ ಸಂಖ್ಯೆಯನ್ನಾದರೂ ಕೇಳಿ ಇಟ್ಟುಕೊಳ್ಳಿ. ಆಗದಿದ್ದರೆ ಮಾಹಿತಿ ಹಕ್ಕಿನ ಕಾನೂನಿನಡಿ ನಿಮ್ಮ ಕಡತದ ಪ್ರತಿಗೆ ಯುಎಸ್‌ಸಿಐಎಸ್‌ಗೇ ಆನ್‌ಲೈನ್‌ನಲ್ಲಿ ಬೇಡಿಕೆ ಸಲ್ಲಿಸಬಹುದು. ಇದಕ್ಕೆ ಲಾಯರ್ ಬೇಕಿಲ್ಲ.

*ಅರ್ಜಿ ಬಾಕಿ ಇರುವಾಗ ಊರಿಗೆ ಹೋಗಿ ಬರಬಹುದೇ?* ಯಾವ ಅರ್ಜಿ ಎಂಬುದರ ಮೇಲಿದೆ. ಐ-485 ಬಾಕಿ ಇರುವಾಗ ಎಚ್-1ಬಿ ಅಥವಾ (ಒಂದೇ ಕಂಪನಿಯೊಳಗೆ ವರ್ಗವಾಗಿ ಬಂದವರ) ಎಲ್-1 ಸ್ಟೇಟಸ್ಸೂ ಚಾಲ್ತಿಯ ವೀಸಾವೂ ಇದ್ದವರು ಹೋಗಿ ಅದೇ ಸ್ಟೇಟಸ್‌ನಲ್ಲಿ ಮರಳಬಹುದು. ವಿದ್ಯಾರ್ಥಿ ಸ್ಟೇಟಸ್ ಎಫ್-1 ಮುಂತಾದವರು ಮರಳಿ ಬರುವ ಮುಂಗಡ ಅನುಮತಿಯಾದ ಅಡ್ವಾನ್ಸ್ ಪರೋಲ್ ಕೈಗೆ ಬರುವ ಮೊದಲು ಹೊರಟರೆ ಅರ್ಜಿಯನ್ನು ಬಿಟ್ಟುಕೊಟ್ಟಂತೆ. ಎಫ್-1ನಿಂದ ಎಚ್-1ಬಿಗೆ ಸ್ಟೇಟಸ್ ಬದಲಾವಣೆ ಬಾಕಿ ಇರುವಾಗ ಹೊರಟರೆ ಆ ಬದಲಾವಣೆಯ ಕೋರಿಕೆ ಬಿದ್ದುಹೋಗುತ್ತದೆ. 2025ರ ಸೆಪ್ಟೆಂಬರ್ 21ರಂದು ಜಾರಿಗೆ ಬಂದ ಅಧ್ಯಕ್ಷರ ಘೋಷಣೆಯ ನಂತರ ಇದು ಇನ್ನೂ ದೊಡ್ಡ ಅಪಾಯ. ದೇಶದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ ಅದು 1,00,000 ಡಾಲರ್ ಪಾವತಿ ಹೇರಿತು. ಒಳಗೇ ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ, ಆದರೆ ತೀರ್ಮಾನಕ್ಕೆ ಮೊದಲು ದೇಶ ಬಿಟ್ಟವರಿಗೆ ಅನ್ವಯಿಸುತ್ತದೆ ಎಂದು ಯುಎಸ್‌ಸಿಐಎಸ್ ಸ್ಪಷ್ಟಪಡಿಸಿತು. ಟಿಕೆಟ್ ಬುಕ್ ಮಾಡುವ ಮೊದಲು ಲಾಯರಿಗೆ ಒಂದು ಸಾಲು ಬರೆಯಿರಿ.

*ಪಾಸ್‌ಪೋರ್ಟಿಗೆ ವೀಸಾ ಹಾಕಿಸುವ ಸ್ಟ್ಯಾಂಪಿಂಗ್ ಸಂದರ್ಶನವಿಲ್ಲದ ಡ್ರಾಪ್‌ಬಾಕ್ಸ್‌ನಲ್ಲಿ ಆಗುತ್ತದೆಯೇ?* 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿ, ಎಫ್-1 ನವೀಕರಣಕ್ಕೂ ಸಂದರ್ಶನ ಬೇಕು. ಅದೇ ತಿಂಗಳು, ತಮ್ಮ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬ ಸೂಚನೆಯೂ ಬಂತು. ಮೂರನೇ ದೇಶದಲ್ಲಿ ಸ್ಟ್ಯಾಂಪಿಂಗ್ ಮಾಡಿಸುವ ಹಳೆಯ ಸಲಹೆಗಳನ್ನು ನಂಬಿ ಹೊರಡಬೇಡಿ. ಸಂದರ್ಶನದಲ್ಲಿ 221(ಜಿ) ಚೀಟಿ ಕೊಟ್ಟರೆ ಹೆಚ್ಚಿನ ಪರಿಶೀಲನೆ ಅಥವಾ ದಾಖಲೆ ಬೇಕು ಎಂದರ್ಥ. ಅದಕ್ಕೆ ಗಡುವಿಲ್ಲ, ಲಾಯರ್ ಪತ್ರದಿಂದ ಬೇಗ ಮುಗಿಯುವ ಭರವಸೆಯೂ ಇಲ್ಲ.

*ಎಚ್-4 ಕೆಲಸದ ಪರವಾನಗಿ ತಡವಾದರೆ?* ನವೀಕರಣ ಬಾಕಿ ಇರುವಾಗ 540 ದಿನದವರೆಗೆ ತಾನೇ ಮುಂದುವರಿಯುತ್ತಿದ್ದ ಸೌಲಭ್ಯ 2025ರ ಅಕ್ಟೋಬರ್ 30ರಂದು ಅಥವಾ ನಂತರ ಸಲ್ಲಿಸಿದ ಅರ್ಜಿಗಳಿಗಿಲ್ಲ. ಕಾರ್ಡ್ ಮುಗಿದ ದಿನ ಕೆಲಸ ನಿಲ್ಲಿಸಬೇಕು. ಮುಗಿಯುವ 180 ದಿನ ಮುಂಚೆಯೇ ನವೀಕರಣಕ್ಕೆ ಹಾಕಬಹುದು, ಆ ಮೊದಲ ದಿನವನ್ನೇ ಹಿಡಿಯಿರಿ.

*ಮಗನಿಗೆ, ಮಗಳಿಗೆ 21 ತುಂಬುತ್ತಿದೆ.* 21 ತುಂಬಿದರೆ ಪೋಷಕರ ಗ್ರೀನ್ ಕಾರ್ಡಿನ ಜೊತೆ ಸೇರುವ ಹಕ್ಕು ಹೋಗಬಹುದಾದ್ದರಿಂದ ಇದು ಖಂಡಿತ ಲಾಯರ್ ಕೆಲಸ. ಅಂಥ ಮಕ್ಕಳನ್ನು ಕಾಯುವ ಸಿಎಸ್‌ಪಿಎ ಕಾನೂನಿನಲ್ಲಿ, ವೀಸಾ ಸಂಖ್ಯೆ ಲಭ್ಯವಾದ ದಿನದ ವಯಸ್ಸಿನಿಂದ ಐ-140 ತೀರ್ಮಾನಕ್ಕೆ ಕಾದ ದಿನಗಳನ್ನು ಕಳೆಯುತ್ತಾರೆ. ಐ-140 ಇನ್ನೂರು ದಿನ ಬಾಕಿ ಇದ್ದರೆ ಮಗುವಿನ ವಯಸ್ಸಿನಲ್ಲಿ ಇನ್ನೂರು ದಿನ ಕಡಿಮೆಯಾಗುತ್ತದೆ. ಹೆಚ್ಚಿನ ಶುಲ್ಕ ಕಟ್ಟಿ ಪ್ರೀಮಿಯಂ ಪ್ರೊಸೆಸಿಂಗ್ ಮಾಡಿಸಿ 15 ಕೆಲಸದ ದಿನಗಳಲ್ಲಿ ಮುಗಿಸಿದ್ದರೆ ಕಳೆಯಲು ಹೆಚ್ಚೇನೂ ಉಳಿಯದು. ದೊಡ್ಡ ಮಕ್ಕಳಿರುವವರು ಪ್ರೀಮಿಯಂ ಬಟನ್ ಒತ್ತುವ ಮುಂಚೆ ಇದನ್ನು ಲೆಕ್ಕ ಹಾಕಬೇಕು. ಪ್ರೀಮಿಯಂ ಕೊಡುವುದು ವೇಗವನ್ನಷ್ಟೇ, ಅನುಮತಿಯ ಸಾಧ್ಯತೆಯನ್ನಲ್ಲ. 2025ರ ಆಗಸ್ಟ್ 15ರಿಂದ ಈ ಲೆಕ್ಕಕ್ಕೆ, ಯಾರ ಸರದಿ ಬಂದಿದೆ ಎಂದು ಪ್ರತಿ ತಿಂಗಳು ಹೇಳುವ ವೀಸಾ ಬುಲೆಟಿನ್‌ನ ಫೈನಲ್ ಆಕ್ಷನ್ ಪಟ್ಟಿಯನ್ನೇ ಹಿಡಿಯುತ್ತಾರೆ.

*ಅಪ್ಪ ಅಮ್ಮನ ಪ್ರವಾಸಿ ವೀಸಾಕ್ಕೆ ಲಾಯರ್ ಬೇಕೆ?* ಬೇಡ. 185 ಡಾಲರ್ ಶುಲ್ಕ ಕಟ್ಟಿ, ಡಿಎಸ್-160 ಸತ್ಯವಾಗಿ ತುಂಬಿ, ಸಂದರ್ಶನಕ್ಕೆ ಹೋಗುವುದಷ್ಟೇ. ಸೆಕ್ಷನ್ 214(ಬಿ) ಪ್ರಕಾರ ಬರುವವರೆಲ್ಲ ಅಲ್ಲೇ ನೆಲೆಸಲು ಬರುತ್ತಾರೆಂದು ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವುದು ಊರಿನ ಬದುಕು: ಮನೆ, ಪಿಂಚಣಿ, ಜಮೀನು, ಉಳಿದ ಮಕ್ಕಳು. ನಿಮ್ಮ ಆಹ್ವಾನ ಪತ್ರಕ್ಕಿಂತ ಅವರ ನೇರ ಉತ್ತರದ ತೂಕ ಹೆಚ್ಚು. ಫಾರ್ಮ್ ತುಂಬಲು ಯಾರಾದರೂ ಸಹಾಯ ಮಾಡಿದರೇ ಎಂದು ಡಿಎಸ್-160 ಕೇಳುತ್ತದೆ. ಏಜೆಂಟ್ ತುಂಬಿದ್ದರೆ ಹೌದು ಎಂದೇ ಬರೆಯಬೇಕು. ಏಜೆಂಟ್ ಏನು ಬರೆದಿದ್ದಾರೆಂದು ಅಪ್ಪನಿಗೆ ಗೊತ್ತಿಲ್ಲದೆ ಕಿಟಕಿಯಲ್ಲಿ ಬೇರೆ ಉತ್ತರ ಹೇಳುವುದು ನಿರಾಕರಣೆಗೆ ದಾರಿ. ಸಲ್ಲಿಸಿದ ಪ್ರತಿಯನ್ನು ಅವರಿಗೆ ಕನ್ನಡದಲ್ಲಿ ಒಂದೊಂದಾಗಿ ಓದಿ ಹೇಳಿ. ನಿಮ್ಮ ವೀಸಾ ಯಾವುದು, ಎಲ್ಲಿ ಕೆಲಸ ಎಂಬುದನ್ನೂ ತಿಳಿಸಿ.

ಪರೀಕ್ಷಿಸುವುದು, ಒಪ್ಪಂದ ಮಾಡಿಕೊಳ್ಳುವುದು

ಹೆಸರು ಸಿಕ್ಕ ಕೂಡಲೇ ಆ ವಕೀಲರ ರಾಜ್ಯದ ಬಾರ್ ತಾಣಕ್ಕೆ ಹೋಗಿ ಹುಡುಕಿ. ಸನ್ನದು ಚಾಲ್ತಿಯಲ್ಲಿದೆಯೇ, ಶಿಸ್ತು ಕ್ರಮ ಆಗಿದೆಯೇ ಎಂದು ಉಚಿತವಾಗಿ ತಿಳಿಯುತ್ತದೆ. ವಲಸೆ ನ್ಯಾಯಾಲಯಗಳನ್ನು ನಡೆಸುವ ಇಒಐಆರ್ ಕೂಡ ಶಿಸ್ತು ಕ್ರಮಕ್ಕೆ ಒಳಗಾದವರ ಪಟ್ಟಿ ಪ್ರಕಟಿಸುತ್ತದೆ. ವಲಸೆ ವಕೀಲರ ಸಂಘವಾದ ಎಐಎಲ್‌ಎ ಸದಸ್ಯತ್ವ ಒಳ್ಳೆಯ ಲಕ್ಷಣ, ಆದರೆ ಅದು ಸನ್ನದಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲಾರಿಡಾ, ನಾರ್ತ್ ಕ್ಯಾರೊಲೈನಾದಲ್ಲಿ ಪರೀಕ್ಷೆ ಬರೆದು ವಲಸೆ ಕಾನೂನಿನ ತಜ್ಞರೆಂದು ಪ್ರಮಾಣಪತ್ರ ಪಡೆದವರಿದ್ದಾರೆ. ಕ್ಲಿಷ್ಟ ಕೇಸಿಗೆ ಅಂಥವರಿಂದ ಶುರು ಮಾಡಬಹುದು. ಎಚ್-1ಬಿಯಲ್ಲಿ ಪಳಗಿದವರು ವಲಸೆ ನ್ಯಾಯಾಲಯದ ಕಟ್ಟೆಯನ್ನೇ ಹತ್ತಿಲ್ಲದಿರಬಹುದು. ನಿಮ್ಮ ಬಗೆಯ ಕೇಸು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ನೇರವಾಗಿ ಕೇಳಿ.

ಮೊದಲ ಭೇಟಿಗೆ ಒಂದು ಪುಟದ ಕಾಲಾನುಕ್ರಮ ಬರೆದುಕೊಂಡು ಹೋಗಿ: ಯಾವಾಗ ಬಂದದ್ದು, ಯಾವ ಸ್ಟೇಟಸ್, ಯಾವ ಕಂಪನಿ, ಯಾವಾಗ ಹೊರಗೆ ಹೋದದ್ದು, ಎಲ್ಲಿ ನಿರಾಕರಣೆ. ಜೊತೆಗೆ ಎಲ್ಲ ಐ-797, ಐ-94, ಐ-20, ಕೊನೆಯ ಮೂರು ಪೇ ಸ್ಟಬ್, ವರ್ಷದ ಸಂಬಳ-ತೆರಿಗೆ ಪತ್ರವಾದ ಡಬ್ಲ್ಯು-2. ಗಂಟೆಯ ಲೆಕ್ಕದಲ್ಲಿ ಹಣ ಕೊಡುವಾಗ ಅರ್ಧ ಗಂಟೆ ಹಳೆಯ ದಿನಾಂಕ ನೆನಪಿಸಿಕೊಳ್ಳುವುದರಲ್ಲೇ ಕಳೆಯಬಾರದು. ಮುಚ್ಚಿಡಬೇಡಿ. ಸ್ವಂತ ವಕೀಲರಿಗೆ ಹೇಳಿದ್ದು ಗೋಪ್ಯ. ಹೇಳದೇ ಉಳಿದದ್ದು ಕೇಸನ್ನು ಮುಳುಗಿಸುತ್ತದೆ.

ವಲಸೆ ಕೆಲಸದಲ್ಲಿ ಒಟ್ಟು ಮೊತ್ತದ ಶುಲ್ಕ ರೂಢಿ. ಅದರಲ್ಲಿ ಏನು ಸೇರಿದೆ ಎಂಬುದೇ ಮುಖ್ಯ. ಆರ್‌ಎಫ್‌ಇ ಎಂಬ ಹೆಚ್ಚುವರಿ ದಾಖಲೆಯ ಬೇಡಿಕೆ ಬಂದರೆ ಉತ್ತರಕ್ಕೆ ಬೇರೆ ಶುಲ್ಕವೇ? ಸಂಗಾತಿ, ಮಕ್ಕಳ ಅರ್ಜಿ ಸೇರಿದೆಯೇ? ಸಂದರ್ಶನಕ್ಕೆ ಜೊತೆಗೆ ಬರುತ್ತಾರೆಯೇ? ನಡುವೆ ಕೈಬಿಟ್ಟರೆ ಎಷ್ಟು ವಾಪಸ್? ಸರ್ಕಾರಿ ಶುಲ್ಕ ಬೇರೆ ಎಂದು ಬರೆದಿದೆಯೇ? ಕಡಿಮೆ ಶುಲ್ಕ ಹೇಳಿ ಆರ್‌ಎಫ್‌ಇಗೆ ಪ್ರತ್ಯೇಕ ವಸೂಲಿ ಮಾಡುವವರು ಕೊನೆಗೆ ದುಬಾರಿಯಾಗುತ್ತಾರೆ. ಎಲ್ಲ ಬರಹದಲ್ಲಿರಲಿ. ಆರ್‌ಎಫ್‌ಇಗೆ ಗರಿಷ್ಠ ಅವಧಿ 84 ದಿನ, ಅದನ್ನು ವಿಸ್ತರಿಸುವುದಿಲ್ಲ. ಉತ್ತರವನ್ನು ಒಂದೇ ಸಲಕ್ಕೆ ಕೊಡಬೇಕು, ಅರ್ಧ ಕಳಿಸಿದರೆ ಅಷ್ಟನ್ನೇ ನೋಡಿ ತೀರ್ಮಾನಿಸುತ್ತಾರೆ. ಆದ್ದರಿಂದ ಪತ್ರ ಬಂದರೆ ಎಷ್ಟು ದಿನದಲ್ಲಿ ನಿಮಗೆ ತಿಳಿಸುತ್ತಾರೆ ಎಂಬುದನ್ನೂ ಒಪ್ಪಂದದಲ್ಲಿ ಕೇಳಿ.

ಖಾಲಿ ಫಾರ್ಮಿಗೆ ಸಹಿ ಕೇಳುವುದು, ಒಳಗೆ ಪರಿಚಯವಿದೆ ಎನ್ನುವುದು, ಫಲಿತಾಂಶದ ಗ್ಯಾರಂಟಿ, ನಗದು ಮಾತ್ರ ಎನ್ನುವುದು, ಸಲ್ಲಿಸಿದ ಅರ್ಜಿಯ ಪ್ರತಿ ಕೊಡದಿರುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಬೇರೆಯವರನ್ನು ನೋಡಿ. ಅರ್ಜಿ ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ರಸೀದಿ ಸಂಖ್ಯೆ ಕೇಳಿ. ಮೂರು ಅಕ್ಷರ, ಹತ್ತು ಅಂಕಿ ಇರುತ್ತದೆ. ಯುಎಸ್‌ಸಿಐಎಸ್ ತಾಣದಲ್ಲಿ ಹಾಕಿದರೆ ನಿಮಗೇ ಗೊತ್ತಾಗುತ್ತದೆ.

ಲಾಯರನ್ನು ಬದಲಿಸಬೇಕಾದರೆ

ನಿಮ್ಮದೇ ಅರ್ಜಿಯಾದರೆ ಯಾವ ಹಂತದಲ್ಲೂ ಬದಲಿಸಬಹುದು. ಹೊಸ ವಕೀಲರು ಹೊಸ ಜಿ-28 ಸಲ್ಲಿಸುತ್ತಾರೆ, ಅಲ್ಲಿಂದ ಮುಂದೆ ನೋಟಿಸುಗಳು ಅವರಿಗೆ ಹೋಗುತ್ತವೆ. ಹಳಬರಿಂದ ಇಡೀ ಕಡತದ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ. ಬಾಕಿ ಗಡುವುಗಳೇನಾದರೂ ಇವೆಯೇ ಎಂಬ ಪ್ರಶ್ನೆಗೆ ಅದೇ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ವಕೀಲರ ತಪ್ಪಿನಿಂದಲೇ ಅರ್ಜಿ ತಿರಸ್ಕೃತವಾಗಿದ್ದರೆ ಕಾಲ ಬಹಳ ಕಡಿಮೆ. ಮರುಪರಿಶೀಲನೆಯ ಐ-290ಬಿಗೆ ಸಾಮಾನ್ಯವಾಗಿ ತೀರ್ಮಾನದ ದಿನದಿಂದ 30 ದಿನ, ಅಂಚೆಯಲ್ಲಿ ಬಂದ ತೀರ್ಮಾನವಾದರೆ 33. ಕಂಪನಿಯ ಅರ್ಜಿಯಾಗಿದ್ದರೆ ಅದನ್ನು ಸಲ್ಲಿಸುವ ಹಕ್ಕು ಸಾಮಾನ್ಯವಾಗಿ ಕಂಪನಿಯದು. ವಲಸೆ ನ್ಯಾಯಾಲಯದಲ್ಲಿ ‘ನನ್ನ ವಕೀಲರ ಅಸಮರ್ಥತೆಯಿಂದ ಹೀಗಾಯಿತು’ ಎಂದು ವಾದಿಸಲು 1988ರ ಲೊಜಾಡಾ ತೀರ್ಪಿನ ಪ್ರಕಾರ ಮೂರು ಕೆಲಸ ಆಗಿರಬೇಕು: ಏನು ಒಪ್ಪಂದವಿತ್ತು, ಏನು ತಪ್ಪಾಯಿತು ಎಂಬ ಪ್ರಮಾಣಪತ್ರ, ಆ ವಕೀಲರಿಗೆ ಆರೋಪ ತಿಳಿಸಿ ಉತ್ತರಿಸಲು ಅವಕಾಶ, ಬಾರ್‌ಗೆ ದೂರು, ಅಥವಾ ದೂರು ಕೊಡದಿರುವುದಕ್ಕೆ ಕಾರಣ. ಇದಕ್ಕೆಲ್ಲ ಆಧಾರ ಬೇಕಾಗುವುದು ಮೊದಲ ದಿನದ ಒಪ್ಪಂದ ಪತ್ರ, ರಸೀದಿಗಳು ಮತ್ತು ಇಮೇಲ್‌ಗಳು. ಅವನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಕೆಲಸ ಹೋದ ದಿನ ಅದನ್ನು ವಾಪಸ್ ಕೊಡಬೇಕಾಗುತ್ತದೆ.